ಬಾಣ ಯಾರಿಗಾಗಿ?

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನೊಬ್ಬ ಯದುರಾಜನಿಗೆ ತನ್ನ 24 ಗುರುಗಳ ಕಥೆ ಹೇಳುತ್ತಾನೆ. ಭೂಮಿ, ಗಾಳಿ, ಹೆಬ್ಬಾವು, ಜೇನುಹುಳು, ಪಿಂಗಳೆಯೆಂಬ ವೇಶ್ಯೆ, ಇವರ ಸಾಲಿನಲ್ಲಿ ಬಾಣ ಮಾಡುವ ಕಸುಬಿನವನೊಬ್ಬನೂ ಇದ್ದಾನೆ. ಅವನ ಪಕ್ಕದಲ್ಲೇ ರಾಜನ ಮೆರವಣಿಗೆ ವಾದ್ಯ ಸಮೇತ ಹೋಯಿತಂತೆ. ಬಾಣ ತಿದ್ದುತ್ತ ಕೂತಿದ್ದ ಅವನಿಗೆ ಅದು ಗೊತ್ತೇ ಆಗಲಿಲ್ಲ. ಏಕಾಗ್ರತೆಯ ಮಾತು ಬಂದಾಗಲೆಲ್ಲ ಪ್ರವಚನಕಾರರು ಈ ಕಥೆ ತೆಗೆಯುತ್ತಾರೆ. ಬೆಂಗಳೂರಿನ ಹೊರ ವರ್ತುಲ ರಸ್ತೆಯ ಯಾವುದೋ ಕಚೇರಿಯ ಏಳನೆಯ ಮಹಡಿಯಲ್ಲಿ ಕಿವಿಗೆ ಹೆಡ್‌ಫೋನ್ ಬಿಗಿದು, ಫೋನನ್ನು ಮಕಾಡೆ ಮಲಗಿಸಿ, ಎರಡು ಮಾನಿಟರುಗಳ ಮುಂದೆ ಕೂತ ಸಾಫ್ಟ್‌ವೇರ್ ಡೆವಲಪರ್ ಆ ಬಾಣಗಾರನ ವಂಶದವನೇ. ಅವನಿಗೆ ಗಮನ ಕಲಿಸಲು ಪುಸ್ತಕಗಳಿವೆ, ಆ್ಯಪ್‌ಗಳಿವೆ, 25 ನಿಮಿಷಕ್ಕೊಮ್ಮೆ ಸದ್ದು ಮಾಡುವ ಗಡಿಯಾರಗಳಿವೆ. ಆದರೆ ಅವಧೂತ ಕೇಳದೆ ಬಿಟ್ಟ ಪ್ರಶ್ನೆಯೊಂದನ್ನು ಈ ಪುಸ್ತಕಗಳೂ ಕೇಳುವುದಿಲ್ಲ. ಆ ಬಾಣ ಯಾರಿಗಾಗಿ? ಕಾಡುಹಂದಿಗೋ, ನೆರೆಯೂರಿನವನ ಎದೆಗೋ? ಅವಧೂತನನ್ನು ದೂರುವುದು ನ್ಯಾಯವಲ್ಲ ಬಿಡಿ. ಅವನಿಗೆ ಬೇಕಿದ್ದದ್ದು ಮನಸ್ಸನ್ನು ಆತ್ಮದಲ್ಲಿ ನಿಲ್ಲಿಸುವ ಬಗೆ, ಬಾಣ ಬರೀ ನೆಪ. ನಮ್ಮ ಡೆವಲಪರನಿಗೆ ಮಾತ್ರ ಬಾಣವೇ ಕಸುಬು.

ಸಾಫ್ಟ್‌ವೇರ್ ಬರೆಯುವವರಿಗೆ ಏಕಾಗ್ರತೆ ಯಾಕೆ ಬೇಕು ಎಂದರೆ ಸಿದ್ಧ ಉತ್ತರ ಒಂದಿದೆ: ಕೆಲಸ ಬೇಗ ಮುಗಿಯುತ್ತದೆ. ಈ ಉತ್ತರ ನಾವು ತಿಳಿದಷ್ಟು ಗಟ್ಟಿಯಲ್ಲ. ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಇ-ಮೇಲ್‌ಗಳಿಗೆ ಉತ್ತರ ಬರೆಯುತ್ತಿದ್ದವರಿಗೆ ನಡುನಡುವೆ ಬೇಕೆಂದೇ ಅಡ್ಡಿಪಡಿಸಿದರು. ಅಡ್ಡಿಗೆ ಸಿಕ್ಕವರು ಕೆಲಸವನ್ನು ಉಳಿದವರಿಗಿಂತ ಬೇಗನೆ ಮುಗಿಸಿದರು, ಗುಣಮಟ್ಟವೂ ಕುಸಿಯಲಿಲ್ಲ. ಹೆಚ್ಚಾದದ್ದು ಒತ್ತಡ, ಕಿರಿಕಿರಿ, ಹೊತ್ತು ಸಾಲದೆಂಬ ಧಾವಂತ. ಮರುವರ್ಷ ಸೋಫಿ ಲೆರಾಯ್ ಇದರ ಇನ್ನೊಂದು ಮಗ್ಗುಲನ್ನು ತೋರಿಸಿದರು: ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಮತ್ತೊಂದಕ್ಕೆ ಕೈಹಾಕಿದವರ ಮನಸ್ಸಿನ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ, ಅಷ್ಟರ ಮಟ್ಟಿಗೆ ಮುಂದಿನ ಕೆಲಸ ಸೊರಗುತ್ತದೆ. ಎರಡನ್ನೂ ಒಟ್ಟಿಗಿಟ್ಟು ಓದಿದರೆ ನನಗೆ ಕಾಣುವುದಿಷ್ಟು. ಬಂದದ್ದನ್ನು ಬಂದಂತೆ ತೀರಿಸಿಬಿಡಬಹುದಾದ ಕೆಲಸವನ್ನು ಚದುರಿದ ಮನಸ್ಸು ಹೇಗೋ ಸಾಗಹಾಕುತ್ತದೆ. ತಲೆಯಲ್ಲಿ ಏನನ್ನಾದರೂ ಹಿಡಿದಿಟ್ಟುಕೊಂಡೇ ಮಾಡಬೇಕಾದ ಕೆಲಸದಲ್ಲಿ ಅದು ಸೋಲುತ್ತದೆ, ಸೋತದ್ದು ಆ ಹೊತ್ತಿಗೆ ತಿಳಿಯುವುದೂ ಇಲ್ಲ.

ಪ್ರೋಗ್ರಾಮಿಂಗ್ ಈ ಎರಡನೆಯ ಜಾತಿಗೆ ಸೇರಿದ್ದು. ಡೆನ್ಮಾರ್ಕಿನ ಪೀಟರ್ ನೌರ್ 1985ರ ಒಂದು ಪ್ರಬಂಧದಲ್ಲಿ, ಪ್ರೋಗ್ರಾಮೆಂದರೆ ತೆರೆಯ ಮೇಲಿನ ಸಾಲುಗಳಷ್ಟೇ ಅಲ್ಲ, ಅದನ್ನು ಕಟ್ಟಿದವರ ತಲೆಯಲ್ಲಿರುವ ತಿಳಿವಳಿಕೆಯೇ ನಿಜವಾದ ಪ್ರೋಗ್ರಾಮು ಎಂದು ವಾದಿಸಿದರು. ಆ ಜನ ಹೊರಟುಹೋದ ಮೇಲೆ ಸಾಲುಗಳು ಉಳಿದರೂ ಪ್ರೋಗ್ರಾಮು ಸತ್ತಂತೆಯೇ. ಹತ್ತು ವರ್ಷ ಹಳೆಯ ಕೋಡ್‌ಬೇಸನ್ನು ತಲೆಗೆ ಕಟ್ಟಿಸಿಕೊಂಡ ಯಾರಿಗಾದರೂ ಇದು ನಿಜವೆಂದು ಗೊತ್ತು. ಹಾಗಿದ್ದ ಮೇಲೆ ಗಮನ ಈ ಕಸುಬಿನಲ್ಲಿ ಬಡಗಿಯ ಉಳಿಯಲ್ಲ, ಮರವೇ ಅದು. ಯೋಗಸೂತ್ರದ ವ್ಯಾಸಭಾಷ್ಯ ಚಿತ್ತದ ಐದು ನೆಲೆಗಳನ್ನು ಎಣಿಸುತ್ತದೆ: ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ. ಇವುಗಳಲ್ಲಿ ಮೂರನೆಯದು ನಮ್ಮ ಕಚೇರಿಗಳ ಚಿತ್ತ. ವಿಕ್ಷಿಪ್ತವೆಂದರೆ ಪೂರ್ತಿ ಚೆಲ್ಲಾಪಿಲ್ಲಿಯಲ್ಲ. ಆಗಾಗ ನಿಲ್ಲುತ್ತದೆ, ನಿಂತ ಗಳಿಗೆಯಲ್ಲೇ ಮತ್ತೆ ಜಾರುತ್ತದೆ. ಹತ್ತಕ್ಕೆ ಸ್ಟ್ಯಾಂಡಪ್, ಹನ್ನೊಂದಕ್ಕೆ ಕ್ಲೈಂಟ್ ಕಾಲ್, ನಡುವೆ ಉಳಿದ ನಲವತ್ತು ನಿಮಿಷದಲ್ಲಿ ಎರಡು ಟಿಕೆಟ್, ಅಷ್ಟರಲ್ಲಿ ಸ್ಲ್ಯಾಕ್‌ನಲ್ಲಿ ‘ಒಂದ್ನಿಮಿಷ ಫ್ರೀ ಇದೀರಾ’ ಎಂಬ ಸಂದೇಶ. ಭಾಷ್ಯಕಾರರು ಇಂಥ ಚಿತ್ತದಲ್ಲಿ ಒದಗುವ ನಿಲುಗಡೆಯನ್ನು ಯೋಗದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಂಥ ಕೆಲಸದಲ್ಲಿ ಗಮನ ತಪ್ಪಿದರೆ ಪೆಟ್ಟು ಬೀಳುವುದು ಯಾರಿಗೆ? ಕೆನಡಾದ ಒಂದು ಸರಕಾರಿ ಸಂಸ್ಥೆ ತಯಾರಿಸಿದ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರ ಇದಕ್ಕೆ ಉತ್ತರ ಹೇಳುತ್ತದೆ. 1985ರಿಂದ 1987ರ ನಡುವೆ ಅದು ಆರು ರೋಗಿಗಳ ಮೇಲೆ ಮಿತಿಮೀರಿದ ವಿಕಿರಣ ಸುರಿಯಿತು. ಅವರಲ್ಲಿ ಕೆಲವರು ಸತ್ತರು. 1986ರ ಮಾರ್ಚಿನಲ್ಲಿ ಟೆಕ್ಸಸ್‌ನ ಟೈಲರ್ ಊರಿನ ಆಸ್ಪತ್ರೆಯಲ್ಲಿ ನಡೆದದ್ದು ಹೀಗೆ. ಯಂತ್ರ ನಡೆಸುತ್ತಿದ್ದಾಕೆ ಎಲೆಕ್ಟ್ರಾನ್ ಚಿಕಿತ್ಸೆಗೆ ‘ಇ’ ಒತ್ತುವ ಬದಲು ಕೈತಪ್ಪಿ ಎಕ್ಸ್-ರೇಗೆ ‘ಎಕ್ಸ್’ ಒತ್ತಿದಳು. ಕೂಡಲೇ ನೋಡಿಕೊಂಡು, ಕರ್ಸರನ್ನು ಮೇಲಕ್ಕೆ ತಂದು ತಿದ್ದಿ, ಉಳಿದ ವಿವರಗಳೆಲ್ಲ ಸರಿಯಿದ್ದುದರಿಂದ ರಿಟರ್ನ್ ಕೀಲಿಯನ್ನು ಪಟಪಟನೆ ಒತ್ತುತ್ತ ಕೆಳಗಿಳಿದಳು. ದಿನವೂ ಮಾಡಿ ಪಳಗಿದ ಕೈ. ಎಂಟು ಸೆಕೆಂಡಿನೊಳಗೆ ಎಲ್ಲ ಮುಗಿಯಿತು. ಯಂತ್ರದೊಳಗಿನ ಅಯಸ್ಕಾಂತಗಳು ಹೊಂದಿಕೊಳ್ಳಲು ಬೇಕಾಗುತ್ತಿದ್ದುದೂ ಸುಮಾರು ಎಂಟು ಸೆಕೆಂಡು. ಆ ಅವಧಿಯೊಳಗೆ ಮಾಡಿದ ತಿದ್ದುಪಡಿಯನ್ನು ಸಾಫ್ಟ್‌ವೇರಿನ ಒಂದು ಭಾಗ ಗಮನಿಸಿತು, ಇನ್ನೊಂದು ಭಾಗ ಗಮನಿಸಲಿಲ್ಲ. ತೆರೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂದು ಬಂತು. ಅರ್ಥವಾಗದ ಇಂಥ ಸಂದೇಶಗಳು ಆ ಯಂತ್ರದಲ್ಲಿ ದಿನಾ ಬರುತ್ತಿದ್ದವು. ಮುಂದುವರಿಸಲು ‘ಪಿ’ ಒತ್ತಿದಳು. ಗೋಡೆಯಾಚೆ ಮಲಗಿದ್ದ ರೋಗಿಗೆ ಎರಡನೆಯ ಹೊಡೆತ ಬಿತ್ತು.

ಕಂಪನಿಯ ಎಂಜಿನಿಯರುಗಳು ಬಂದು ಪರೀಕ್ಷಿಸಿದರು. ದೋಷ ಮತ್ತೆ ಕಾಣಿಸಲಿಲ್ಲ. ಹಾಗಾಗುವುದು ಸಾಧ್ಯವೇ ಇಲ್ಲವೆಂದು ಹೇಳಿ ಹೋದರು. ಏಪ್ರಿಲ್‌ನಲ್ಲಿ ಅದೇ ಯಂತ್ರದಲ್ಲಿ, ಅದೇ ಕೈಯಿಂದ, ಅದೇ ಸಂಖ್ಯೆಯ ಸಂದೇಶ ಮತ್ತೆ ಬಂತು, ಇನ್ನೊಬ್ಬ ರೋಗಿ ಸುಟ್ಟುಹೋದ. ಆಗ ಆಸ್ಪತ್ರೆಯ ಭೌತವಿಜ್ಞಾನಿ ಯಂತ್ರವನ್ನು ನಿಲ್ಲಿಸಿ, ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ದಿನ ಒತ್ತಿದ ಕೀಲಿಗಳನ್ನು ಒಂದೊಂದಾಗಿ ನೆನಪು ಮಾಡಿಸುತ್ತ ಅದೇ ಸಂದೇಶ ಬರುವವರೆಗೂ ಮತ್ತೆ ಮತ್ತೆ ಒತ್ತಿಸಿದರು. ಗುಟ್ಟು ಇದ್ದದ್ದು ಯಾವ ಕೀಲಿ ಎಂಬುದರಲ್ಲಿ ಅಲ್ಲ, ಎಷ್ಟು ಬೇಗ ಎಂಬುದರಲ್ಲಿ. ಏಕಾಗ್ರತೆಗೆ ಉದಾಹರಣೆ ಬೇಕಾದವರು ಬಾಣಗಾರನ ಜತೆ ಈ ಇಬ್ಬರನ್ನೂ ಇಟ್ಟುಕೊಳ್ಳಬಹುದು. ಇವರಿಗೆ ಮೆರವಣಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಗೋಡೆಯಾಚೆ ಮಲಗಿದ್ದವನ ಕೂಗು ಇವರ ಕಿವಿ ಬಿಟ್ಟು ಹೋಗಿರಲಿಲ್ಲ.

ಅದೇ ಯಂತ್ರದಲ್ಲಿ ಇನ್ನೊಂದು ದೋಷವಿತ್ತು, 1987ರ ಜನವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಹೊರಬಿದ್ದದ್ದು. ವಿಕಿರಣ ಬಿಡುವ ಮೊದಲು ಭಾಗಗಳೆಲ್ಲ ಸರಿಯಾದ ಜಾಗದಲ್ಲಿವೆಯೇ ಎಂದು ನೋಡಬೇಕೋ ಬೇಡವೋ ಎಂಬುದನ್ನು ಸಾಫ್ಟ್‌ವೇರಿನ ಒಂದು ವೇರಿಯಬಲ್ ಹೇಳುತ್ತಿತ್ತು. ಸೊನ್ನೆಯಿದ್ದರೆ ನೋಡುವ ಅಗತ್ಯವಿಲ್ಲ, ಬೇರೆ ಏನಿದ್ದರೂ ನೋಡಬೇಕು. ‘ನೋಡಬೇಕು’ ಎಂದು ಸೂಚಿಸಲು ಬರೆದವರು ಪ್ರತಿ ಸುತ್ತಿನಲ್ಲೂ ಅದಕ್ಕೆ ಒಂದನ್ನು ಕೂಡುತ್ತಿದ್ದರು. ಅದು ಒಂದೇ ಬೈಟಿನ ವೇರಿಯಬಲ್. 255ರ ಮೇಲೆ ಇನ್ನೊಂದು ಕೂಡಿದರೆ ಮತ್ತೆ ಸೊನ್ನೆಗೆ ಬರುತ್ತದೆ. ಅಂದರೆ 256 ಸುತ್ತಿಗೊಮ್ಮೆ ಯಂತ್ರ ಕಣ್ಣು ಮುಚ್ಚುತ್ತಿತ್ತು. ಸರಿಯಾಗಿ ಆ ಗಳಿಗೆಯಲ್ಲೇ ಯಾರೋ ಗುಂಡಿ ಒತ್ತಿದರು. ಕೋಡ್ ಬರೆಯುವವರು ಈ ಸಾಲಿನ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಇದರಲ್ಲಿ ದಡ್ಡತನವಿಲ್ಲ, ಕೆಟ್ಟ ಉದ್ದೇಶವಿಲ್ಲ. ಒಂದು ಕೂಡುವುದು ಆ ಹೊತ್ತಿಗೆ ಸಾಕೆನಿಸಿದೆ, ಅಷ್ಟೇ.

ಇಲ್ಲಿಂದ ನನ್ನ ವಾದ ಹೊರಡುತ್ತದೆ. ಡೆವಲಪರನ ಗಮನ ಅವನ ಸ್ವಂತ ಸಾಮರ್ಥ್ಯವಲ್ಲ, ತನ್ನ ಏಳಿಗೆಗೆಂದು ಬೆಳೆಸಿಕೊಳ್ಳುವ ಗುಣವೂ ಅಲ್ಲ. ಅದು ಋಣ. ಸಲ್ಲಬೇಕಾದದ್ದು ತಾನೆಂದೂ ಮುಖ ನೋಡದವರಿಗೆ: ಗೋಡೆಯಾಚೆ ಮಲಗಿದವನಿಗೆ, ಐದು ವರ್ಷದ ಮೇಲೆ ಈ ಕೋಡನ್ನು ತಿದ್ದಬೇಕಾದವಳಿಗೆ. ನಮ್ಮಲ್ಲಿ ದೇವಋಣ, ಋಷಿಋಣ, ಪಿತೃಋಣ ಎಂದು ಮೂರನ್ನು ಹೇಳುತ್ತಾರೆ. ಮೂರೂ ಕಣ್ಣಿಗೆ ಕಾಣದವರಿಗೆ ಸಲ್ಲಬೇಕಾದವೇ. ಈ ಸಾಲಿಗೆ ಇನ್ನೊಂದನ್ನು ಸೇರಿಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಥೆರಾಕ್-25ರ ಅನಾಹುತಗಳನ್ನು ಕೂಲಂಕಷವಾಗಿ ಅಭ್ಯಸಿಸಿ 1993ರಲ್ಲಿ ವರದಿ ಬರೆದ ನ್ಯಾನ್ಸಿ ಲೆವ್‌ಸನ್ ಮತ್ತು ಕ್ಲಾರ್ಕ್ ಟರ್ನರ್, ಒಂದು ಬಗ್ಗನ್ನೋ ಒಬ್ಬ ಬರಹಗಾರನನ್ನೋ ಹಿಡಿದು ಅದೇ ಕಾರಣವೆನ್ನುವ ಅಭ್ಯಾಸವನ್ನೇ ಪ್ರಶ್ನಿಸಿದರು. ಹಿಂದಿನ ಮಾದರಿಯಾದ ಥೆರಾಕ್-20ರ ಸಾಫ್ಟ್‌ವೇರಿನಲ್ಲೂ ಇಂಥದೇ ದೋಷವಿತ್ತು. ಅಲ್ಲಿ ಯಂತ್ರಭಾಗದ ತಡೆಗಳಿದ್ದುದರಿಂದ ಫ್ಯೂಸ್ ಹೋಗುತ್ತಿತ್ತು, ಜನ ಸಾಯುತ್ತಿರಲಿಲ್ಲ. ಹೊಸ ಯಂತ್ರದಲ್ಲಿ ಆ ತಡೆಗಳನ್ನು ತೆಗೆದು, ಭಾರವನ್ನೆಲ್ಲ ಸಾಫ್ಟ್‌ವೇರಿನ ಮೇಲೆ ಹೊರಿಸಿ, ಅದನ್ನು ಸ್ವತಂತ್ರವಾಗಿ ಪರೀಕ್ಷಿಸುವ ಗೊಡವೆಗೂ ಹೋಗದವರ ತೀರ್ಮಾನದಲ್ಲಿ ತಪ್ಪಿದೆಯೇ ಹೊರತು ಒಬ್ಬನ ಗಮನದಲ್ಲಲ್ಲ ಎನ್ನಬಹುದು. ಒಪ್ಪುತ್ತೇನೆ. ಮನುಷ್ಯನ ಗಮನ ಸೋರುತ್ತದೆ. ಸೋರುವುದೆಂದು ತಿಳಿದೇ ಟೆಸ್ಟು, ಕೋಡ್ ರಿವ್ಯೂ, ತಡೆಗಳನ್ನು ಇಡಬೇಕು. ಎಡ್ಸ್‌ಗರ್ ಡೈಕ್‌ಸ್ಟ್ರಾ 1972ರ ಟ್ಯೂರಿಂಗ್ ಉಪನ್ಯಾಸದಲ್ಲಿ ಒಳ್ಳೆಯ ಪ್ರೋಗ್ರಾಮರನ ಲಕ್ಷಣವಾಗಿ ಹೇಳಿದ್ದು ಬುದ್ಧಿಯನ್ನಲ್ಲ, ತನ್ನ ತಲೆಬುರುಡೆ ಎಷ್ಟು ಚಿಕ್ಕದೆಂಬ ಅರಿವನ್ನು. ಆದರೆ ವ್ಯವಸ್ಥೆಯ ಹೆಸರು ಹೇಳಿದ ಕೂಡಲೇ ಋಣ ತೀರುವುದಿಲ್ಲ. ಟೆಸ್ಟನ್ನು ಬರೆಯುವವರೂ ಯಾರೋ ಒಬ್ಬರೇ, ರಿವ್ಯೂ ಮಾಡುವವರೂ ಒಬ್ಬರೇ. ಮುನ್ನೂರು ಸಾಲಿನ ಬದಲಾವಣೆಯನ್ನು ಅರ್ಧ ನಿಮಿಷ ಮೇಲೆ ಕೆಳಗೆ ಸರಿಸಿ ‘ಓಕೆ’ ಒತ್ತುವವನಿದ್ದರೆ ರಿವ್ಯೂ ಎಂಬ ತಡೆ ಕಾಗದದ ಮೇಲಿರುತ್ತದೆ, ಅಷ್ಟೆ. ವ್ಯವಸ್ಥೆಯೆಂದರೆ ಹಲವರ ಗಮನವನ್ನು ಒಂದರ ಮೇಲೊಂದು ಹೊಂದಿಸಿಟ್ಟ ಕಟ್ಟಡ. ಇಟ್ಟಿಗೆಯೇ ಪೊಳ್ಳಾದರೆ ಕಟ್ಟಡದ ನಕ್ಷೆಯನ್ನು ಹೊಗಳಿ ಫಲವಿಲ್ಲ.

ಎರಡನೆಯ ಆಕ್ಷೇಪ ಬೇರೆ ಕಡೆಯಿಂದ ಬರುತ್ತದೆ. ಗಮನವಿಟ್ಟು ಮಾಡಿದ್ದೆಲ್ಲ ಒಳ್ಳೆಯದೇ? ಅಲ್ಲ ಎಂಬುದಕ್ಕೆ ಫೋಕ್ಸ್‌ವ್ಯಾಗನ್ ಪ್ರಕರಣ ಸಾಕು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಯಲಿಗೆಳೆದ ಈ ವಂಚನೆಯಲ್ಲಿ, ಡೀಸೆಲ್ ಕಾರಿನ ಸಾಫ್ಟ್‌ವೇರು ಸ್ಟೀರಿಂಗಿನ ಸ್ಥಿತಿ, ವೇಗ, ಎಂಜಿನ್ ಓಡಿದ ಅವಧಿ ಇವನ್ನೆಲ್ಲ ನೋಡಿ, ಕಾರು ಪ್ರಯೋಗಾಲಯದ ಪರೀಕ್ಷೆಯಲ್ಲಿದೆಯೋ ರಸ್ತೆಯಲ್ಲಿದೆಯೋ ಎಂದು ಗುರುತಿಸುತ್ತಿತ್ತು. ಪರೀಕ್ಷೆಯಲ್ಲಿ ಹೊಗೆ ಶುದ್ಧ; ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡುಗಳು ಮಿತಿಗಿಂತ 40 ಪಟ್ಟಿನವರೆಗೆ ಹೆಚ್ಚು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಈ ಸಾಫ್ಟ್‌ವೇರು ಕೂತಿತ್ತು. ಅದು ಅಲಕ್ಷ್ಯದಿಂದ ಆದದ್ದಲ್ಲ. ಒಳ್ಳೆಯ ಎಂಜಿನಿಯರುಗಳು ಮನಸ್ಸಿಟ್ಟು, ಎಚ್ಚರದಿಂದ ಬರೆದದ್ದು. 2017ರಲ್ಲಿ ಅವರಲ್ಲೊಬ್ಬರಿಗೆ ಅಮೆರಿಕದ ನ್ಯಾಯಾಲಯ 40 ತಿಂಗಳ ಸೆರೆವಾಸ ವಿಧಿಸಿತು. ಬಾಣ ನೇರವಾಗಿಯೇ ಇತ್ತು.

ಥೇರವಾದ ಬೌದ್ಧರ ಅಭಿಧಮ್ಮದಲ್ಲಿ ಇದಕ್ಕೆ ನಿಷ್ಠುರವಾದ ಉತ್ತರವಿದೆ. ಏಕಗ್ಗತಾ, ಅಂದರೆ ಏಕಾಗ್ರತೆ, ಎಲ್ಲ ಚಿತ್ತಗಳಲ್ಲೂ ಇರುವ ಸಾಮಾನ್ಯ ಅಂಶವೆಂದು ಅದು ಎಣಿಸುತ್ತದೆ. ಅಕುಶಲ ಚಿತ್ತದಲ್ಲೂ ಏಕಾಗ್ರತೆಯಿದೆ; ಕನ್ನ ಹಾಕುವವನಿಗೂ ಅದು ಬೇಕು. ಆದ್ದರಿಂದಲೇ ಬರೀ ಸಮಾಧಿ ಎನ್ನದೆ ಸಮ್ಯಕ್ ಸಮಾಧಿ ಎಂದು ವಿಶೇಷಣ ಹಚ್ಚಬೇಕಾಯಿತು, ಅದನ್ನು ಸಮ್ಯಕ್ ಆಜೀವದ, ಅಂದರೆ ಸರಿಯಾದ ಜೀವನೋಪಾಯದ ಜತೆ ಒಂದೇ ಮಾರ್ಗದಲ್ಲಿ ಪೋಣಿಸಬೇಕಾಯಿತು. ಇಂದಿನ ಕಂಪನಿಗಳ ಧ್ಯಾನ ಶಿಬಿರಗಳು ಈ ಸರದಿಂದ ಒಂದೇ ಮಣಿ ಬಿಚ್ಚಿಕೊಂಡು ಬಂದಿವೆ. ಧ್ಯಾನದ ಕೊಠಡಿ ಇದೆ, ಆಜೀವದ ಮಾತು ಎತ್ತಿದರೆ ಮೀಟಿಂಗು ಮುಗಿಯುತ್ತದೆ. ಗಮನವನ್ನು ಋಣವೆಂದು ಕಂಡರೆ ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ಗಟ್ಟಿಮಾಡುತ್ತದೆ. ಸಾಮರ್ಥ್ಯವನ್ನು ಯಾವುದಕ್ಕೂ ಬಳಸಬಹುದು. ಋಣವನ್ನು ಕೊಡಬೇಕಾದವರಿಗೇ ಕೊಡಬೇಕು. ರಸ್ತೆಯಲ್ಲಿ ಆ ಹೊಗೆ ಕುಡಿದವರನ್ನು ಎಂಜಿನಿಯರುಗಳ ಗಮನ ಒಮ್ಮೆಯೂ ಮುಟ್ಟಲಿಲ್ಲ.

ಈ ‘ಯಾರಿಗಾಗಿ’ ಎಂಬ ಪ್ರಶ್ನೆಯನ್ನು ಕಸುಬಿನ ನಡುವಿಗೇ ತಂದಿಟ್ಟವರು ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು. ನುಲಿಯ ಚಂದಯ್ಯ ಹಗ್ಗ ಹೊಸೆಯುವವನು. ಹುಲ್ಲು ಕೊಯ್ಯುವಾಗ ಅವನ ಕೊರಳ ಇಷ್ಟಲಿಂಗ ಜಾರಿ ನೀರಿಗೆ ಬಿತ್ತೆಂದೂ, ಅವನು ಅದನ್ನು ಲೆಕ್ಕಿಸದೆ ಹುಲ್ಲಿನ ಹೊರೆ ಹೊತ್ತು ನಡೆದನೆಂದೂ ಕಥೆ. ಮೇಲ್ನೋಟಕ್ಕೆ ಇದು ಬಾಣಗಾರನ ಕಥೆಯೇ: ಅವನು ರಾಜನನ್ನು ಗಮನಿಸಲಿಲ್ಲ, ಇವನು ದೇವರನ್ನೇ ಗಮನಿಸಲಿಲ್ಲ. ಆದರೆ ಚಂದಯ್ಯನಿಗೆ ತನ್ನ ಹಗ್ಗ ಯಾರಿಗಾಗಿ ಎಂದು ಗೊತ್ತಿತ್ತು. ಅದನ್ನು ಮಾರಿ ಬಂದ ಹಣ ಜಂಗಮ ದಾಸೋಹಕ್ಕೆ ಸಲ್ಲುತ್ತಿತ್ತು. ಅವನು ಲಿಂಗವನ್ನು ಬಿಟ್ಟದ್ದು ಮೈಮರೆವಿನಿಂದಲ್ಲ, ಉಣ್ಣಬೇಕಾದ ಜನರ ನೆನಪಿನಿಂದ. ಹಗ್ಗದ ವಿಷಯಕ್ಕೆ ಇನ್ನೊಂದು ಮಾತು ಸೇರಿಸಬಹುದು. ಬಾವಿಕಟ್ಟೆಯ ಮೇಲೆ ತುಂಬಿದ ಕೊಡ ಎಳೆಯುವವಳಿಗೆ ಹೊಸೆದವನ ಹೆಸರು ಗೊತ್ತಿರುವುದಿಲ್ಲ. ಅವನ ಕೈ ಒಂದು ಮೊಳದಷ್ಟು ಉದ್ದಕ್ಕೆ ಸಡಿಲವಾಗಿದ್ದರೆ ಅದು ಅವಳಿಗೆ ಮಾತ್ರ ಗೊತ್ತಾಗುತ್ತದೆ.

‘ಕಾಯಕ’ ಎಂಬ ಮಾತು ಬಂದ ಕೂಡಲೇ ಬೆಂಗಳೂರಿನ ಓದುಗರು ಅನುಮಾನದಿಂದ ನೋಡುತ್ತಾರೆ, ನೋಡಬೇಕಾದದ್ದೇ. ದುಡಿಮೆಯನ್ನು ಪೂಜೆ ಮಾಡಿದರೆ ಲಾಭ ಯಾರಿಗೆ? ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರಲ್ಲಿ ಎನ್.ಆರ್. ನಾರಾಯಣಮೂರ್ತಿ ಹೇಳಿದ್ದು ದೇಶಕ್ಕೆಲ್ಲ ಗೊತ್ತಿದೆ. 2024ರಲ್ಲಿ ಐಟಿ ಕಂಪನಿಗಳಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಕರ್ನಾಟಕ ಸರಕಾರದ ಮುಂದೆ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. ಗಮನ ಋಣವೆಂದು ಒಪ್ಪಿದರೆ ಮಾಲೀಕ ಅದನ್ನು ತನ್ನ ಖಾತೆಗೆ ಬರೆದುಕೊಳ್ಳುವುದಿಲ್ಲವೇ ಎಂಬುದು ಬರೀ ಕುತರ್ಕವಲ್ಲ. ಉತ್ತರ ಅದೇ ಕಲ್ಯಾಣದಲ್ಲಿದೆ. ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಯ ಮೇಲೇರಿಸಲಿಲ್ಲ. ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಕಾಯಕಕ್ಕೆ ಮಿತಿಯಿದೆ, ಮಿತಿ ಮೀರಿದ್ದು ಆಸೆ ಎಂಬುದು ಅವಳ ತೀರ್ಪು. ಕಾಯಕವನ್ನು ಹೊಗಳುವ ಭಾಷಣಗಳಲ್ಲಿ ಲಕ್ಕಮ್ಮ ಕಾಣದಿರುವುದು ಆಕಸ್ಮಿಕವಲ್ಲ.

ಹೊತ್ತಿಗೂ ಗಮನಕ್ಕೂ ಇರುವ ನಂಟು ತಿಳಿದವರಿಗೆ ಲಕ್ಕಮ್ಮನ ಮಾತು ಕಸುಬಿನ ಮಾತೂ ಹೌದು. ಹನ್ನೆರಡನೆಯ ಗಂಟೆಯಲ್ಲಿ ಬರೆದ ಸಾಲು ಮಾಲೀಕನ ಲೆಕ್ಕಕ್ಕೆ ಜಮೆಯಾಗುತ್ತದೆ, ಬಳಸುವವನ ಲೆಕ್ಕದಲ್ಲಿ ಸಾಲವಾಗಿ ಉಳಿಯುತ್ತದೆ. ಆದ್ದರಿಂದ ‘ಇಂದಿಗೆ ಸಾಕು’ ಎಂದು ಲ್ಯಾಪ್‌ಟಾಪ್ ಮುಚ್ಚುವುದು, ‘ಈ ರಿಲೀಸ್ ಶುಕ್ರವಾರಕ್ಕೆ ಆಗುವುದಿಲ್ಲ’ ಎಂದು ಮ್ಯಾನೇಜರಿಗೆ ಹೇಳುವುದು, ಬೆಳಗಿನ ಎರಡು ಗಂಟೆ ಯಾವ ಕಾಲಿಗೂ ಸಿಗದೆ ಕೂರುವುದು ಇವು ಸೋಮಾರಿತನವೂ ಅಲ್ಲ, ಸ್ವಾರ್ಥವೂ ಅಲ್ಲ. ಋಣ ತೀರಿಸುವವನು ಮೊದಲು ತನ್ನ ಕೈಯಲ್ಲಿ ಏನಾದರೂ ಉಳಿಸಿಕೊಳ್ಳಬೇಕು. ಒಬ್ಬನೇ ಹೀಗೆ ಹೇಳಿದರೆ ಕೆಲಸ ಹೋಗುತ್ತದೆ ಎಂಬುದೂ ನಿಜ; ಸಂಘಟನೆ ಇರುವುದು ಅದಕ್ಕೇ.

ಈಗ ಕೋಡನ್ನು ಎಐ ಬರೆದುಕೊಡುತ್ತಿದೆ, ಇನ್ನು ಗಮನದ ಮಾತೇಕೆ ಎನ್ನುವವರಿದ್ದಾರೆ. ಬರೆಯುವ ಶ್ರಮ ಕಡಿಮೆಯಾಗಿರುವುದು ಹೌದು. ಆದರೆ ನೌರ್ ಹೇಳಿದ ತಿಳಿವಳಿಕೆ ಬರೆಯುತ್ತ ಬರೆಯುತ್ತ ತಲೆಯಲ್ಲಿ ಕಟ್ಟಿಕೊಳ್ಳುತ್ತಿತ್ತು. ಈಗ ಬೇರೆಲ್ಲೋ ಹುಟ್ಟಿದ ಸಾಲುಗಳನ್ನು ಓದುತ್ತ ಕಟ್ಟಿಕೊಳ್ಳಬೇಕು, ಅದು ಹೆಚ್ಚು ಕಷ್ಟದ ಕೆಲಸ. ಯಂತ್ರ ಕೊಟ್ಟ ಕೋಡು ನೋಡಲು ಸೊಗಸಾಗಿರುತ್ತದೆ, ಸಾಮಾನ್ಯವಾಗಿ ಓಡುತ್ತದೆ. ಥೆರಾಕ್-25ರ ಆ ಸಾಲೂ 255 ಸುತ್ತು ಸರಿಯಾಗಿಯೇ ಓಡುತ್ತಿತ್ತು. ಅದಕ್ಕೆ ಆಮೇಲೆ ಮಾಡಿದ ತಿದ್ದುಪಡಿ ದೊಡ್ಡದೇನಲ್ಲ: ಒಂದನ್ನು ಕೂಡುವುದನ್ನು ಬಿಟ್ಟು, ಪ್ರತಿ ಸುತ್ತಿನಲ್ಲೂ ಸೊನ್ನೆಯಲ್ಲದ ಒಂದು ಸ್ಥಿರ ಸಂಖ್ಯೆಯನ್ನು ಆ ಜಾಗದಲ್ಲಿ ಬರೆದಿಟ್ಟರು.